ಕೊನೆಯ ದೃಶ್ಯದ ಕ್ಷಮೆ

ಡೊಂಬಿವಲಿಯ ಸುಲೋಚನಾ ವಿಜಯಪುರದ ಕಡೆಯವರು. ಠಾಣೆಯ ವಿಮಾ ಕಚೇರಿಯೊಂದರಲ್ಲಿ ದುಡಿಯುತ್ತಲೇ ಮೂರು ಕಾದಂಬರಿ ಬರೆದವರು. ಕನ್ನಡ ಸಂಘಕ್ಕೆ ನಾಟಕ ಬರೆದುಕೊಡುವ ಮಂಗಳೂರಿನ ದಯಾನಂದ ತನ್ನ ಹೊಸ ನಾಟಕದ ಪ್ರತಿ ಕೈಗಿಟ್ಟು, "ಅಕ್ಕಾ, ಮುಲಾಜಿಲ್ಲದೆ ಹೇಳ್ಬೇಕು," ಎಂದಾಗ ಅವರಿಗೆ ಖುಷಿಯೇ ಆಗಿತ್ತು.

ಮರುದಿನ ಲೋಕಲ್‌ನಲ್ಲಿ ಓದತೊಡಗಿದರು. ದಿವಾ ಸ್ಟೇಶನ್ ದಾಟುವಷ್ಟರಲ್ಲಿ ಮೈಯೆಲ್ಲ ಉರಿಯುತ್ತಿತ್ತು. ಅದು ಅವರದೇ ಕಥೆ.

ಮದುವೆಯಾದ ಹೊಸತರಲ್ಲಿ ಗಂಡ ವಿರುಪಾಕ್ಷಪ್ಪ ಅವರ ಮೊದಲ ಕಾದಂಬರಿಯ ಹಸ್ತಪ್ರತಿಯನ್ನು ಹಳೆಯ ಪೇಪರುಗಳ ಜೊತೆ ರದ್ದಿಯವನಿಗೆ ಹಾಕಿದ್ದರು. ಗೊತ್ತಿಲ್ಲದೆ ಅಲ್ಲ, "ಇನ್ನಾರ ಮನಿ ಕಡೆ ಲಕ್ಷ್ಯ ಕೊಡು," ಎಂದು ಹೇಳಿಯೇ ಹಾಕಿದ್ದರು. ಸಂಘದ ಹಿಂದಿನೊಂದು ನಾಟಕದ ತಾಲೀಮಿನ ಬಿಡುವಿನಲ್ಲಿ ಒಮ್ಮೆ ಸುಲೋಚನಾ ಇದನ್ನು ದಯಾನಂದನಿಗೆ ಹೇಳಿದ್ದರು. ಅವನ ನಾಟಕದಲ್ಲಿ ಹೆಂಡತಿ ದೇವರ ಫೋಟೋದ ಮುಂದೆ ಕೂತು ಅಳುತ್ತಾಳೆ. ಕೊನೆಯ ದೃಶ್ಯದಲ್ಲಿ ಗಂಡ ಅವಳ ಕೈ ಹಿಡಿದು ಕ್ಷಮೆ ಕೇಳುತ್ತಾನೆ.

ಭಾನುವಾರ ದಯಾನಂದ ಮನೆಗೆ ಬಂದ. ವಿರುಪಾಕ್ಷಪ್ಪ ಅಲ್ಲೇ ಸೋಫಾದಲ್ಲಿ ಪೇಪರ್ ಓದುತ್ತಿದ್ದರು. ಸುಲೋಚನಾ ಪ್ರತಿಯನ್ನು ಟೀಪಾಯಿಯ ಮೇಲೆ ಎಸೆದರು.

"ನನ್ನ ಕೇಳದ ನನ್ನ ಬಾಳೇವು ಎತ್ತಿಕೊಂಡಿ. ಹೋಗ್ಲಿ. ಆದ್ರ ನನ್ನ ಮೂಕಿ ಯಾಕ ಮಾಡಿದಿ? ನಾ ಅಳಲಿಲ್ಲೋ! ಊಟದ ತಾಟು ಗೋಡೆಗೆ ಒಗದೆ. ರದ್ದಿ ಅಂಗಡಿ ಮುಂದ ನಿಂತು ಅರಚಾಡಿದೆ. ಒಂದು ಹಾಳಿ ಸಿಗಲಿಲ್ಲ. ಆಮ್ಯಾಲೆ ಅಷ್ಟೂ ಮತ್ತ ಕೂತು ಬರದೆ. ಅದೆಲ್ಲಿ ಐತಿ ಇದರಾಗ?"

"ಅಕ್ಕಾ, ಸ್ಟೇಜ್ ಮೇಲೆ ಮೌನವೇ ಹೆಚ್ಚು ಎಫೆಕ್ಟ್ ಆಗ್ತದೆ."

"ಮತ್ತ ಆ ಕ್ಷಮಾ?"

"ಪ್ರೇಕ್ಷಕರಿಗೆ ಕೊನೆಗೊಂದು ಸಮಾಧಾನ ಬೇಕಲ್ವಾ?"

"ನನಗ ಸಿಗದ ಸಮಾಧಾನ ಅವರಿಗ್ಯಾಕ?"

ಪೇಪರ್ ಕೆಳಗಿಳಿಯಲಿಲ್ಲ. ದಯಾನಂದ ಅತ್ತ ಒಮ್ಮೆ ನೋಡಿ, ಚಹಾ ಕುಡಿಯದೆಯೇ ಎದ್ದ. ಬಾಗಿಲಲ್ಲಿ, "ತಿದ್ದುತ್ತೇನೆ ಅಕ್ಕಾ," ಎಂದ.

ತಿದ್ದಲಿಲ್ಲ. ಎರಡು ತಿಂಗಳ ಮೇಲೆ ಕಲ್ಯಾಣದ ಸಭಾಗೃಹದಲ್ಲಿ ಪ್ರಯೋಗವಾದಾಗ ಹೆಂಡತಿ ಹಾಗೇ ಅತ್ತಳು, ಗಂಡ ಹಾಗೇ ಕೈ ಹಿಡಿದ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಸಿಟ್ಟಿನಿಂದ ಹಲ್ಲು ಕಚ್ಚಿ ಕೂತಿದ್ದ ಸುಲೋಚನಾ ಪಕ್ಕಕ್ಕೆ ತಿರುಗಿದರು. ವಿರುಪಾಕ್ಷಪ್ಪ ಕರವಸ್ತ್ರದಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

ಹೊರಗೆ ರಿಕ್ಷಾ ಸಾಲಿನಲ್ಲಿ ಅವರು, "ಭಾಳ ಛಂದ ಬರದಾನ," ಎಂದರು.

ಸುಲೋಚನಾ ನಿಂತುಬಿಟ್ಟರು. "ಏನು ಛಂದ? ಆ ನಾಟಕದ ಗಂಡ ಅಂದ ಮಾತು ನೀವು ಒಂದು ದಿನಾರ ಅಂದೀರಿ?"

"ಹಳೀದು ಯಾಕ ತೆಗೀತಿ? ಮಂದಿ ನೋಡ್ಲಿಕತ್ತಾರ."

"ನೋಡ್ಲಿ! ಅವನ ಬಾಯಾಗ ಕೇಳಿ ಅತ್ರಿ. ಈಗ ನಿಮ್ಮ ಬಾಯಿಲೆ ಹೇಳ್ರಿ."

ಸಾಲಿನಲ್ಲಿದ್ದವರೆಲ್ಲ ತಿರುಗಿದರು. ವಿರುಪಾಕ್ಷಪ್ಪ ಮುಂದೆ ಸರಿದು ರಿಕ್ಷಾಕ್ಕೆ ಕೈ ಬೀಸಿದರು. ಎದುರಿಗೆ ಬಂದು ನಿಂತ ರಿಕ್ಷಾದ ಚಾಲಕ, "ಚಲಾ, ಚಲಾ," ಎಂದು ಅವಸರಪಡಿಸಿದ. ಸುಲೋಚನಾ ಒಬ್ಬರೇ ಹತ್ತಿ, ಸ್ಟೇಶನ್ ಎಂದರು.