ಮೂರನೇ ಮಹಡಿಯ ಪೊಟ್ಟಣ

ಅವತ್ತು ಬೆಳಿಗ್ಗೆ ಒಂದು ಬಿಳಿ ಅಂಗಿಯ ಕಾಲರ್ ಸುಕ್ಕಾಯಿತು ಅಂತ ನನ್ನ ಗಂಡನ ಮೇಲೆ ಗೊಣಗಿದೆ.

“ನಿನ್ನ ಹಣೆ ನೋಡ್ಕೋ, ಅಲ್ಲಿ ಇದಕ್ಕಿಂತ ಜಾಸ್ತಿ ಸುಕ್ಕಿದೆ” ಅಂದರು.

“ಹಾಗಾದ್ರೆ ಅದರ ಮೇಲೂ ಒಂದ್ಸಲ ಇಸ್ತ್ರಿ ಪೆಟ್ಟಿಗೆ ಆಡಿಸಿಬಿಡಿ” ಅಂದೆ.

ನಕ್ಕರು. ನೀರು ಚಿಮುಕಿಸಿ ಕಾಲರ್ ಮತ್ತೆ ತಿಕ್ಕಿದರು. ಮಾಮೂಲಿ ದಿನ.

ನಮ್ಮದು ಇಸ್ತ್ರಿ ಅಂಗಡಿ. ಒಂದು ಮೇಜು, ಇದ್ದಿಲಿನ ಪೆಟ್ಟಿಗೆ, ಹಿಂದೆ ಒಂದೇ ಕೋಣೆಯ ಮನೆ. ಬಟ್ಟೆ ಬಂದ ಕೂಡಲೇ ಜೇಬು ನೋಡುವುದು ಮೊದಲ ಕೆಲಸ. ಪೆನ್ನು, ಕೀಲಿ, ಬಸ್ ಟಿಕೆಟ್ ಸಿಗುತ್ತವೆ. ಒಮ್ಮೆ ಒಬ್ಬರ ಹಲ್ಲಿನ ಸೆಟ್ಟೇ ಸಿಕ್ಕಿತ್ತು. ಏನು ಸಿಕ್ಕರೂ ಕಾಗದದಲ್ಲಿ ಸುತ್ತಿ, ಮೇಲೆ ಮನೆಯ ಗುರುತು ಬರೆದು, ಕಿಟಕಿಯ ಹಲಗೆ ಮೇಲೆ ಇಡಬೇಕು. ಬಟ್ಟೆಯ ಜೊತೆ ವಾಪಸ್ ಕೊಡಬೇಕು. ಅದೇನು, ಯಾಕೆ ಅಂತ ಕೇಳಬಾರದು. ಕೇಳಿದರೆ ಗಿರಾಕಿ ಉಳಿಯುವುದಿಲ್ಲ. ಇಪ್ಪತ್ತೆರಡು ವರ್ಷ ನಾನು ಯಾರನ್ನೂ ಕೇಳಲಿಲ್ಲ.

ಅವತ್ತು ಹಲಗೆಯ ಮೇಲೆ ಒಂದು ಪೊಟ್ಟಣ ಬಿಚ್ಚಿಕೊಂಡಿತ್ತು. ಮೇಲೆ ‘ಮೂರು’ ಅಂತ ಗುರುತು. ಎದುರು ಕಟ್ಟಡದ ಮೂರನೇ ಮಹಡಿಯ ಸಾರ್ ಅವರದು. ಒಳಗೆ ಕತ್ತರಿಸಿದ ಮಾತ್ರೆ ಪಟ್ಟಿ. ಹೆಸರಿದ್ದ ಭಾಗ ಇರಲಿಲ್ಲ. ಒಂದು ಮಾತ್ರೆ ತೆಗೆದಾಗಿತ್ತು. ಹಾಗೇ ಮಡಚಿ ಇಟ್ಟೆ.

ನನ್ನ ಗಂಡನಿಗೆ ಎರಡು ವರ್ಷದ ಹಿಂದೆ ಎದೆನೋವು ಬಂದಿತ್ತು. ಮತ್ತೆ ಬಂದರೆ ನಾಲಿಗೆ ಕೆಳಗೆ ಇಡಲು ಒಂದು ಪುಟ್ಟ ಮಾತ್ರೆ ಕೊಟ್ಟಿದ್ದರು. ಆ ಕಾಯಿಲೆಯ ಹಿಂದೆಯೇ ಇನ್ನೊಂದು ಶುರುವಾಯಿತು. ಹಾಸಿಗೆಯಲ್ಲಿ ಗಂಡಸುತನ ಕೈಕೊಟ್ಟಿತು. ಗೋಡೆ ಕಡೆ ತಿರುಗಿ ಮಲಗುತ್ತಿದ್ದರು. “ವಯಸ್ಸಾಯ್ತಲ್ಲ, ಬಿಡಿ” ಅಂದಿದ್ದೆ. ಸಮಾಧಾನಕ್ಕೆ ಅಂದದ್ದು. ಅವರಿಗೆ ಎಲ್ಲಿ ಚುಚ್ಚಿತೋ.

ಮಧ್ಯಾಹ್ನ ಅಂಗಡಿಯ ಬಾಗಿಲು ಎಳೆದುಕೊಂಡು ಒಳಗೆ ಬಂದರು. ಬಹಳ ದಿನಗಳ ಮೇಲೆ ನಾವು ಗಂಡ ಹೆಂಡತಿಯ ಹಾಗೆ ಇದ್ದೆವು. ಇದನ್ನು ಬರೆಯಲು ನನಗೆ ನಾಚಿಕೆಯಿಲ್ಲ. ಅವರ ಮುಖದಲ್ಲಿ ಮದುವೆಯಾದ ಹೊಸತರ ನಗು ಇತ್ತು. ಸ್ವಲ್ಪ ಹೊತ್ತಿಗೆ ಎದೆ ಹಿಡಿದುಕೊಂಡರು. ನಾಲಿಗೆ ಕೆಳಗಿನ ಮಾತ್ರೆ ನನ್ನ ಕೈಯಾರೆ ಇಟ್ಟೆ.

ಭಾವ, ಅಂದರೆ ಅವರ ಅಣ್ಣ, ಇದ್ದಿಲು ವ್ಯಾಪಾರದವರು. ದಿನಾ ನಮಗೆ ಇದ್ದಿಲು ತರುತ್ತಿದ್ದುದು ಅವರೇ. ಅವರ ವ್ಯಾನಿನಲ್ಲೇ ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದೆವು. ಡ್ಯೂಟಿ ಡಾಕ್ಟರು ಮುಖ ಎತ್ತದೆ ಕೇಳಿದರು. “ಬೇರೆ ಯಾವ್ದಾದ್ರೂ ಮಾತ್ರೆ ತಗೊಂಡಿದ್ದಾರಾ?”

“ಇಲ್ಲ” ಅಂದೆ.

ನನ್ನ ಗಂಡನಿಗೆ ಎಚ್ಚರವಿತ್ತು. ನನ್ನ ಮುಖ ನೋಡಿದರು. ಅಣ್ಣನ ಮುಖ ನೋಡಿದರು. ಕಣ್ಣು ಮುಚ್ಚಿಕೊಂಡರು. ಡಾಕ್ಟರು ಅದೇ ನಾಲಿಗೆ ಕೆಳಗಿನ ಔಷಧಿ ಇನ್ನೊಂದು ಸಲ ಕೊಟ್ಟರು. ಬಿಪಿ ಇಳಿಯಿತು. ಎಷ್ಟು ಹೆಣಗಿದರೂ ಮೇಲೆ ಬರಲಿಲ್ಲ. ಹೊರಗೆ ಇನ್ನೂ ಬಿಸಿಲಿತ್ತು, ಆಗಲೇ ಮುಗಿದುಹೋಯಿತು.

ತಿಂಗಳಾದ ಮೇಲೆ ಉಳಿದ ಬಟ್ಟೆ ಕೊಡಲು ಮೂರನೇ ಮಹಡಿಗೆ ಹತ್ತಿದೆ. ಪೊಟ್ಟಣವನ್ನೂ ಕೊಟ್ಟೆ. ಸಾರ್ ಅದನ್ನು ಮುಟ್ಟಲಿಲ್ಲ.

“ಇದು ಈಗ ನಂದಲ್ಲ ತಾಯಿ. ನಿನ್ನ ಗಂಡ ವಾಪಸ್ ಕೊಡೋಕೆ ಬಂದಿದ್ದ. ಒಳ್ಳೇ ಮಾತ್ರೆ ಕಣೋ, ಹರೆಯ ಬರುತ್ತೆ, ನೀನೇ ಇಟ್ಕೋ ಅಂದೆ. ತಮಾಷೆಗೆ.”

“ನೀವು ತಗೊಳ್ಳೋ ಮೊದಲು ಯಾರನ್ನ ಕೇಳಿದ್ರಿ ಸಾರ್?”

“ಡಾಕ್ಟರಿಗೆ ತೋರಿಸಿದ್ದೆ. ಇಸಿಜಿ ತೆಗೆದ್ರು.”

“ನಿಮಗೆ ಇಸಿಜಿ. ನನ್ನ ಗಂಡನಿಗೆ ತಮಾಷೆ” ಅಂದೆ. ಬಾಗಿಲು ಹಾಕಿಕೊಂಡರು.

ಪೊಟ್ಟಣ ಹಿಡಿದು ಹೃದಯದ ಡಾಕ್ಟರಮ್ಮನ ಹತ್ತಿರ ಹೋದೆ. ಎರಡು ವರ್ಷ ನನ್ನ ಗಂಡನನ್ನು ನೋಡಿದ್ದು ಅವರೇ.

“ಈ ಮಾತ್ರೆ ಕೆಟ್ಟದ್ದಲ್ಲಮ್ಮ” ಅಂದರು. “ಸುಮಾರು ಜನಕ್ಕೆ ಕೆಲಸ ಮಾಡುತ್ತೆ. ಪರೀಕ್ಷೆ ಮಾಡಿ ಕೊಟ್ರೆ ಹೆಚ್ಚಿನವರಿಗೆ ಅಪಾಯ ಇಲ್ಲ. ಆದ್ರೆ ನಾಲಿಗೆ ಕೆಳಗಿಡೋ ಮಾತ್ರೆ ಜೊತೆ ಸೇರಲೇಬಾರದು. ಎರಡೂ ರಕ್ತನಾಳ ಸಡಿಲ ಮಾಡ್ತವೆ. ಬಿಪಿ ಕುಸಿದುಹೋಗುತ್ತೆ.”

“ಇದನ್ನ ಅವರಿಗೆ ಹೇಳಿದ್ರಾ?”

“ಅವರು ಆ ತೊಂದರೆ ಹೇಳಲೇ ಇಲ್ಲ. ಹೇಳಿದ್ರೆ ಬೇರೆ ದಾರಿ ನೋಡಬಹುದಿತ್ತು.”

“ನೀವು ಕೇಳಿದ್ರಾ?”

ಡಾಕ್ಟರಮ್ಮ ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು.

ಡಾಕ್ಟರುಗಳು ಹೊಟ್ಟೆ ಸರಿಯಾಗಿ ಖಾಲಿಯಾಗುತ್ತಾ ಅಂತ ಕೇಳುತ್ತಾರೆ. ಸಿಗರೇಟು ಸೇದ್ತೀಯಾ ಅಂತ ಹೆಂಡತಿಯ ಮುಂದೆಯೇ ಗದರುತ್ತಾರೆ. ಇದೊಂದನ್ನು ಕೇಳಲು ಅಷ್ಟು ಓದಿದವರಿಗೂ ನಾಲಿಗೆ ಏಳುವುದಿಲ್ಲ. ಮಾತ್ರೆಯ ಮೇಲೆ ನನಗೆ ಸಿಟ್ಟಿಲ್ಲ. ಅದು ತನ್ನ ಕೆಲಸ ಮಾಡಿತು. ಬಾಯಿದ್ದವರ ಮೇಲೆ ಸಿಟ್ಟು. ನನ್ನ ಗಂಡನ ಮೇಲೂ. ಹೇಳಿದ್ದರೆ ನಾನೇನು ನಗುತ್ತಿದ್ದೆನೇ? ಬಿಚ್ಚಿದ ಪೊಟ್ಟಣ ಕಣ್ಣಾರೆ ಕಂಡೂ ಇಲ್ಲ ಅಂದವಳು ನಾನು. ಆ ಸಿಟ್ಟು ಇನ್ನೂ ಆರಿಲ್ಲ.

ಭಾವನಿಗೆ ಎಲ್ಲ ಹೇಳಿದೆ. ಅವರು ಎದ್ದು ಕಿಟಕಿ ಮುಚ್ಚಿದರು.

“ನೋಡಮ್ಮ, ಎದೆನೋವಿನಿಂದ ಹೋದ ಅನ್ನು. ಸಾಕು. ಇದನ್ನೆಲ್ಲ ಬಾಯಿಬಿಟ್ಟರೆ ನಮ್ಮ ಮಾನ ಏನಾಗುತ್ತೆ?”

“ಮಾನ ಉಳಿಸೋಕೆ ಹೋಗೇ ಅವರು ಬಾಯಿ ಬಿಡಲಿಲ್ಲ ಭಾವ. ಅವತ್ತು ನೀವು ಹೊರಗೆ ನಿಂತಿದ್ರೆ ಡಾಕ್ಟರಿಗೆ ಹೇಳ್ತಿದ್ರೋ ಏನೋ.”

ಆಡಬಾರದ ಮಾತು. ಆಡಿದೆ. ಅವರ ವ್ಯಾನು ನಮ್ಮ ಬೀದಿಗೆ ಬರುವುದು ನಿಂತಿತು.

ಬಟ್ಟೆ ತಂದವರಿಗೆಲ್ಲ ಹೇಳಿದೆ. ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಂಡು ಪೂರ್ತಿ ಕೇಳಿದರು. ಗಂಡಸರು ತಮಗೆ ಸಂಬಂಧವಿಲ್ಲದ ಹಾಗೆ ಬೀದಿ ನೋಡಿದರು. ನಾಲ್ಕು ಮನೆಯವರು ಬಟ್ಟೆ ಕೊಡುವುದು ಬಿಟ್ಟರು. ಬಿಡಲಿ. ಹೋದ ವಾರ ಬಸ್ ಕಂಡಕ್ಟರೊಬ್ಬರು ಬಂದು ಬಟ್ಟೆ ಮೇಜಿನ ಮೇಲಿಟ್ಟರು.

“ಅಕ್ಕ, ನನ್ನ ಹತ್ರಾನೂ ಆ ಎರಡೂ ಮಾತ್ರೆ ಇವೆ” ಅಂದರು.

“ಎರಡನ್ನೂ ತಗೊಂಡು ಈಗಲೇ ಡಾಕ್ಟರಮ್ಮನ ಹತ್ರ ಹೋಗಿ. ಕೇಳಲಿ ಅಂತ ಕಾಯಬೇಡಿ, ನೀವೇ ಹೇಳಿ.”

“ಅವರು ಹೆಂಗಸು ಅಕ್ಕ.”

“ನಾನೇನು?” ಅಂದೆ. ಹೋದರು.

ಈಗ ಬೆಳಿಗ್ಗೆ ಇದ್ದಿಲಿನ ಮೂಟೆ ನಾನೇ ಹೊತ್ತು ತರುತ್ತೇನೆ. ಬಾಗಿಲ ಮುಂದೆ ಕೂತು ಜರಡಿ ಹಿಡಿಯುತ್ತೇನೆ. ಪುಡಿ ಸೇರಿದರೆ ಪೆಟ್ಟಿಗೆಯ ಕೆಂಡ ಉಸಿರಾಡುವುದಿಲ್ಲ.