ನೀಲವ್ವ ಕಂಪ್ಯೂಟರ್ಸ್

ಬೆಸುಗೆ ಹಾಕುವಾಗ ಏಳುವ ಹೊಗೆಗೆ ಸುಟ್ಟ ಅಂಟಿನಂಥ ಒಂದು ವಾಸನೆಯಿದೆ. ದುಬೈಯ ಅಲ್ ಕುಸೈಸಿನ ನನ್ನ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಅದು ದಿನವೂ ಇದ್ದದ್ದೇ. ಆದರೂ ಕೆಲವು ದಿನ ಮೂಗಿಗೆ ತಾಗಿದ ಕೂಡಲೇ ಕಾಕಾ ಬಂದು ಎದುರಿಗೆ ಕೂತಂತಾಗುತ್ತದೆ...

ನಾನು ಉಡುಪಿ ಕಡೆಯವನು, ಅವರು ಹುಬ್ಬಳ್ಳಿಯವರು. ಅಲ್ ನಹ್ದಾದಲ್ಲಿ ನಮ್ಮ ಎದುರು ಫ್ಲ್ಯಾಟಿನಲ್ಲಿ ಎಂಜಿನಿಯರ್ ಮಗನ ಜೊತೆ ಇದ್ದರು. ಲಿಫ್ಟಿನಲ್ಲಿ ಸಿಕ್ಕರೂ ಸಾಕು, ತಮ್ಮ ಕಂಪನಿಯ ಕತೆ ಶುರು ಮಾಡುತ್ತಿದ್ದರು. ಟೀವಿಗೆ ಸಿಕ್ಕಿಸಿ, ಟೇಪ್ ರೆಕಾರ್ಡರಿನಿಂದ ಪ್ರೋಗ್ರಾಮ್ ತುಂಬಿಸುವ ಮನೆ ಕಂಪ್ಯೂಟರನ್ನು ಊರಲ್ಲಿ ಯಾರೂ ಕಣ್ಣಿಂದ ಕಂಡಿರದ ಕಾಲ. ಅದನ್ನು ತಾವೇ ಮಾಡಿ ಮಾರಲು ಕಾಕಾ ಮತ್ತು ಇಬ್ಬರು ಗೆಳೆಯರು ಹೊರಟಿದ್ದರು. ಬೆಸುಗೆ ಹಾಕಲು ಬೇಕಾದ ಮೂರು ಪಿನ್ನಿನ ಪ್ಲಗ್ ಪಾಯಿಂಟ್ ಇದ್ದದ್ದು ಕಾಕಾ ಮನೆಯ ಅಡುಗೆಮನೆಯಲ್ಲಿ ಮಾತ್ರ, ಹಾಗಾಗಿ ಅದೇ ಅವರ ಕಾರ್ಖಾನೆಯಾಯಿತು. ಅವರ ತಾಯಿ ನೀಲವ್ವ ಸೀಮೆಎಣ್ಣೆ ಸ್ಟೋವನ್ನು ಹಿತ್ತಿಲಿಗೆ ಒಯ್ದು, ಆ ಬೇಸಿಗೆಯಿಡೀ ಬಿಸಿಲಲ್ಲೇ ರೊಟ್ಟಿ ಬಡಿದರಂತೆ. ಕಂಪನಿಗೆ ಇಡಲು ಒಬ್ಬನಿಗೆ ದೇವರ ಹೆಸರು ಬೇಕು, ಇನ್ನೊಬ್ಬನಿಗೆ ಇಂಗ್ಲಿಷ್ ಹೆಸರು. ಜಗಳ ಬಗೆಹರಿಯಲಿಲ್ಲ. ಟೀವಿಯಲ್ಲಿ ಅಕ್ಷರ ಮೂಡಿದ ದಿನ ಮೂವರೂ ಒಪ್ಪಿ ಕೀಲಿ ಒತ್ತಿ ಬರೆದದ್ದು ನೀಲವ್ವನ ಹೆಸರನ್ನು. ಅದೇ ಕಂಪನಿಯ ಹೆಸರಾಯಿತು. ಕಂಪನಿ ಬಹಳ ದಿನ ಬಾಳಲಿಲ್ಲ.

ನಾನು ರಿಪೇರಿ ಅಂಗಡಿ ತೆರೆಯುತ್ತೇನೆಂದಾಗ ಕಾಕಾ ಕೇಳಿದ್ದು ಒಂದೇ.

“ಅವ್ವನ ಹೆಸರು ಇಡ್ತೀ ಏನಪಾ? ಇನ್ನೊಮ್ಮೆ ಬೋರ್ಡ್ ಮ್ಯಾಲೆ ನೋಡಬೇಕು ಅನ್ನೋ ಆಸೆ ಐತಿ.”

ಆಯ್ತು ಎಂದೆ. ಆದರೆ ದುಬೈಯಲ್ಲಿ ಇಂಥ ಹಳ್ಳಿ ಹೆಸರು ಹಾಕಿದರೆ ಗಿರಾಕಿಗಳು ನಗುತ್ತಾರೆಂಬ ನಾಚಿಕೆ ನನಗೆ. ಸರ್ಕಾರಿ ಅರ್ಜಿಗಳನ್ನು ತುಂಬಿಕೊಡುವ ಟೈಪಿಂಗ್ ಸೆಂಟರಿನಲ್ಲಿ ಅಂಗಡಿ ಲೈಸೆನ್ಸಿನ ಅರ್ಜಿಗೆ ಥಳುಕಿನ ಇಂಗ್ಲಿಷ್ ಹೆಸರೊಂದನ್ನು ಬರೆಸಿ ಬಂದೆ. ಕಾಕಾಗೆ ಮಾತ್ರ, ನಿಮ್ಮ ಅಮ್ಮನ ಹೆಸರನ್ನೇ ಕೇಳಿದ್ದೆ, ಲೈಸೆನ್ಸ್ ಆಫೀಸಿನವರು ಒಪ್ಪಲಿಲ್ಲ, ಎಷ್ಟು ಹೇಳಿದರೂ ಖಲಾಸ್ ಅಂದುಬಿಟ್ಟರು ಎಂದೆ. ಸುಳ್ಳು ಅಷ್ಟು ಸಲೀಸಾಗಿ ಬಂತು.

ಅಂಗಡಿ ಪೂಜೆಗೆ ಅವರು ಧಾರವಾಡ ಪೇಡ ತಂದರು. ಬೋರ್ಡನ್ನು ಸ್ವಲ್ಪ ಹೊತ್ತು ನೋಡಿ ನನ್ನ ಬೆನ್ನು ತಟ್ಟಿದರು.

“ಮನಸಿಗೆ ಹಚ್ಗೋಬ್ಯಾಡ. ನೀ ಕೇಳಿದಿ, ಅಷ್ಟ ಸಾಕು.”

ಆಮೇಲೆ ಬಂದವರಿಗೆಲ್ಲ, ಈ ಹುಡುಗ ನಮ್ಮವ್ವನ ಹೆಸರಿಗಾಗಿ ಆಫೀಸಿನವರ ಜೊತೆ ಜಗಳಾಡಿದ ಎಂದು ಹೇಳುತ್ತ ಪೇಡ ಹಂಚಿದರು. ನಾನೂ ಒಂದು ತಿಂದೆ.

ನಿಜ ಹೇಳಿಬಿಡೋಣ ಎಂದು ಎಷ್ಟೋ ಸಲ ಅಂದುಕೊಂಡೆ... ಹೇಳಲಿಲ್ಲ. ಅವರು ಊರಿಗೆ ಹೋದವರು ಅಲ್ಲೇ ತೀರಿಕೊಂಡರು. ಕಾರ್ಯ ಮುಗಿಸಿ ಬಂದ ಮಗ ಅಂಗಡಿಗೆ ಬಂದು, ಅಪ್ಪ ಕಡೆಯ ದಿನಗಳಲ್ಲೂ ನಿಮ್ಮ ಆ ಜಗಳವನ್ನು ನೆನೆಯುತ್ತಿದ್ದರು ಎಂದು ನನ್ನ ಕೈ ಹಿಡಿದುಕೊಂಡ. ಆಗಲೂ ಬಾಯಿ ಬಿಡದ ಹೇಡಿ ನಾನು.

ಮೊನ್ನೆ ಲೈಸೆನ್ಸ್ ನವೀಕರಿಸಲು ಹೋಗಿದ್ದೆ. ಹೆಸರು ಅದೇ ಇರಲಾ ಎಂದು ಟೈಪಿಂಗ್ ಸೆಂಟರಿನ ಮಲಯಾಳಿ ಪ್ರತಿ ವರ್ಷದಂತೆ ಕೇಳಿದ. ಬೋರ್ಡನ್ನು ನೋಡಬೇಕಾದವರೇ ಈಗ ಇಲ್ಲ. ಆದರೂ ತಡೆಯಲಾರದೆ, ನೀಲವ್ವ ಎಂಬ ಹೆಸರು ಸಿಗಬಹುದೇ ಎಂದು ವಿಚಾರಿಸಿದೆ.

ಅವನು ಕಂಪ್ಯೂಟರಿನಲ್ಲಿ ಹುಡುಕಿದ. ಧಾರಾಳವಾಗಿ ಸಿಗುತ್ತದೆ, ಇದುವರೆಗೆ ಯಾರೂ ಕೇಳಿಯೇ ಇಲ್ಲ ಎಂದ.