ನೆಗಡಿ ಮಾತ್ರೆಯ ಪಾಠ

ಪಿಕುನ್ ಟೀಚರ್ ಒಮ್ಮೆ ಪಾಠ ಮಾಡಿದರೆ ಮಕ್ಕಳು ಜನ್ಮದಲ್ಲಿ ಮರೆಯುವುದಿಲ್ಲ ಎಂದು ನಮ್ಮ ನಾಕೋಕ್ ಊರಿನಲ್ಲಿ ಎಲ್ಲರೂ ಹೇಳುತ್ತಿದ್ದರು. ಅದು ನಿಜವೇ. ಮರೆತಿದ್ದರೆ ಎಷ್ಟೋ ಚೆನ್ನಾಗಿತ್ತು.

ಮೆಕಾಂಗ್ ಹೊಳೆಯ ಈ ದಡದಲ್ಲಿ ನಾವು, ಆ ದಡದಲ್ಲಿ ಲಾವೋಸ್. ಅಮಲೇರಿಸುವ ಗುಲಾಬಿ ಬಣ್ಣದ ಹುಚ್ಚುಮಾತ್ರೆ ದೋಣಿಯಲ್ಲಿ ದಾಟಿ ಬರುತ್ತದೆ. ಯಾರು ತರುತ್ತಾರೆಂದು ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ಟೀಚರ ಅಣ್ಣ ಅದಕ್ಕೇ ಬಲಿಯಾದವನು. ಮೊದಲು ಅಪ್ಪನ ಮೀನುಬಲೆ ಮಾರಿದ, ಆಮೇಲೆ ಸೂರಿನ ತಗಡು ಕಿತ್ತು ಮಾರಿದ. ಕಣ್ಣು ಯಾಕೋ ಹೀಗಾಗಿದೆ, ಕೈ ಯಾಕೋ ನಡುಗುತ್ತಿದೆ ಎಂದರೆ ಅವನದು ಒಂದೇ ಉತ್ತರ: "ನೆಗಡಿ ಮಾತ್ರೆ ತಗೊಂಡಿದ್ದೆ." ಮನೆಯವರು ನಂಬಿದರು. ಇಪ್ಪತ್ತನಾಲ್ಕನೇ ವಯಸ್ಸಿಗೆ ಅವನನ್ನು ಸುಟ್ಟು ಬಂದ ದಿನವೂ ತಾಯಿ, ಪಾಪ, ನೆಗಡಿ ವಾಸಿಯಾಗಲೇ ಇಲ್ಲ ಎಂದೇ ಅಳುತ್ತಿದ್ದಳಂತೆ.

ಅಂಥ ಮನೆಯಿಂದ ಬಂದ ಹೆಣ್ಣುಮಗಳು ಟೀಚರ್ ಆದರೆ ಯಾವ ಪಾಠ ಮಾಡಬೇಕು? ಇಪ್ಪತ್ತೆರಡು ವರ್ಷ ಅದೇ ಪಾಠ ಮಾಡಿದರು. ಏಳನೇ ತರಗತಿಯ ಮಕ್ಕಳನ್ನು ನೆಲದ ಮೇಲೆ ಸುತ್ತ ಕೂರಿಸಿಕೊಂಡು, ಅಣ್ಣನ ಕಥೆ ಹೇಳಿ, ಕೊನೆಗೆ ಕೇಳುತ್ತಿದ್ದರು: "ಹುಚ್ಚುಮಾತ್ರೆ ತಿಂದೋನು ಮೊದಲು ಹೇಳೋ ಸುಳ್ಳು ಯಾವುದು?"

"ನೆಗಡಿ ಮಾತ್ರೆ!" ಎಂದು ಮಕ್ಕಳು ಒಟ್ಟಿಗೆ ಕೂಗಿ ನಗುತ್ತಿದ್ದರು. ಊರಿನಲ್ಲಿ ಯಾರಾದರೂ ತಡವಾಗಿ ಮನೆಗೆ ಬಂದರೂ ಹೆಂಡತಿ ಕೇಳುವುದು ಇದೇ ಆಗಿಹೋಗಿತ್ತು: "ಏನು, ನೆಗಡಿ ಮಾತ್ರೆನಾ?"

ಪ್ರತಿ ಜೂನ್ ತಿಂಗಳಲ್ಲಿ ಶಾಲೆಯಲ್ಲಿ ಮೂತ್ರ ಪರೀಕ್ಷೆ. ಮಕ್ಕಳು ಚಿಕ್ಕ ಲೋಟದಲ್ಲಿ ತಂದುಕೊಡುತ್ತಾರೆ, ಟೀಚರ್ ಔಷಧಿಯ ಹನಿ ಬಿಡುತ್ತಾರೆ. ನೇರಳೆ ಬಣ್ಣಕ್ಕೆ ತಿರುಗಿದರೆ ಮುಗಿಯಿತು ಕಥೆ. ನೇರಳೆಯಾದ ಲೋಟವನ್ನು ಪಟ್ಟಣದ ಪ್ರಯೋಗಾಲಯಕ್ಕೆ ಕಳಿಸಿ ಇನ್ನೊಮ್ಮೆ ನೋಡಿಸಬೇಕೆಂಬ ನಿಯಮವೂ ಇತ್ತು. ಹೋದ ವರ್ಷ ನೇರಳೆಯಾಗಿದ್ದು ಒಂದೇ ಲೋಟ, ಒಂಬತ್ತನೇ ತರಗತಿಯ ಚಾಬಾಳದ್ದು. ಶಾಲೆಯ ಗೇಟಿನ ಹತ್ತಿರ ಪಪ್ಪಾಯಿಕಾಯಿ ಕುಟ್ಟಿ ಕೋಸಂಬರಿ ಮಾಡಿ ಮಾರುವ ಬುನ್ಮಾಳ ಮಗಳು.

"ಟೀಚರ್, ನಾನು ನೆಗಡಿ ಮಾತ್ರೆ ತಗೊಂಡಿದ್ದೆ," ಎಂದಿದ್ದಳು ಹುಡುಗಿ.

ಸಾಲಿಗೆ ಸಾಲೇ ನಕ್ಕಿತು. ಟೀಚರ್ ಲೋಟವನ್ನು ಪಟ್ಟಣಕ್ಕೆ ಕಳಿಸಲಿಲ್ಲ. ಈ ಸುಳ್ಳು ನನಗೆ ಗೊತ್ತಿಲ್ಲದ್ದಾ ಎಂದು ಅಲ್ಲೇ ಚೆಲ್ಲಿ, ವರದಿ ಬರೆದರು. ಚಾಬಾಳನ್ನು ಮೂರು ವಾರ ಚಟ ಬಿಡಿಸುವ ಸೈನಿಕರ ಶಿಬಿರಕ್ಕೆ ಹಾಕಿದರು. ವಾಪಸು ಬಂದ ದಿನ ಬುನ್ಮಾ ಅಂಗಡಿಯ ಮುಂದೆಯೇ ಮಗಳ ಕೂದಲು ಕತ್ತರಿಸಿದಳು. ಮಾರನೆಯ ದಿನ ಹುಡುಗಿ ಬ್ಯಾಂಕಾಕಿನ ಬಸ್ಸು ಹತ್ತಿದ್ದನ್ನು ಯಾರೋ ನೋಡಿದರಂತೆ. ಅಷ್ಟೇ. ಆಮೇಲೆ ಸುದ್ದಿಯಿಲ್ಲ. ಬುನ್ಮಾ ಮಾತ್ರ ದಿನಾ ಬೆಳಿಗ್ಗೆ ಟೀಚರನ್ನು ಕಂಡರೆ ಒನಕೆ ಬದಿಗಿಟ್ಟು ಕೈ ಮುಗಿಯುತ್ತಿದ್ದಳು. ನೀವು ಹೇಳದಿದ್ದರೆ ನನಗೆ ಗೊತ್ತೇ ಆಗ್ತಿರಲಿಲ್ಲ ಟೀಚರ್, ಎನ್ನುತ್ತಿದ್ದಳು.

ಈ ವರ್ಷದ ಪರೀಕ್ಷೆಯಲ್ಲಿ ನೇರಳೆಯಾದ ಲೋಟ ಟೀಚರ ಸ್ವಂತ ಮಗನದ್ದು.

ತೋನ್‌ಗೆ ಹದಿನೈದು ವರ್ಷ. ತಂದೆಯಿಲ್ಲದ ಹುಡುಗ, ಇವರಿಗೆ ಇರುವುದು ಅವನೊಬ್ಬನೇ. ಲೋಟ ನೋಡಿದ, ತಾಯಿಯ ಮುಖ ನೋಡಿದ, ಮೆಲ್ಲಗೆ ಅಂದ: "ಅಮ್ಮ, ನಿನ್ನೆ ನೆಗಡಿ ಮಾತ್ರೆ ತಗೊಂಡಿದ್ದೆ."

ಹಿಂದಿದ್ದ ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಬೇರೆ ಯಾರದೇ ಲೋಟವಾಗಿದ್ದರೆ ಟೀಚರ್ ಚೆಲ್ಲಿ ವರದಿ ಬರೆಯುತ್ತಿದ್ದರು. ಇದನ್ನು ಮಾತ್ರ ಮುಚ್ಚಳ ಹಾಕಿ, ತಾವೇ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಪಟ್ಟಣಕ್ಕೆ ಒಯ್ದರು. ತಾಯಿ ಕರುಳು ಎಂದು ಊರವರು ಅಂದರು. ನಾನೂ ಹಾಗೇ ಅಂದೆ, ಸುಳ್ಳು ಯಾಕೆ ಹೇಳಲಿ.

ಫಲಿತಾಂಶಕ್ಕೆ ಒಂಬತ್ತು ದಿನ. ಆ ಒಂಬತ್ತು ದಿನ ಟೀಚರ್ ಸರಿಯಾಗಿ ಒಂದು ತುತ್ತು ತಿಂದವರಲ್ಲ. ಮಗನ ಚೀಲ ತಡಕಿದರು, ಹಾಸಿಗೆಯ ಹೊಲಿಗೆ ಬಿಚ್ಚಿದರು, ಅಂಗಿಯ ಜೇಬು ಮೂಸಿ ನೋಡಿದರು. ಏನೂ ಸಿಗದೆ ಇದ್ದಾಗ ಭಯ ಇನ್ನೂ ಹೆಚ್ಚಾಯಿತು. ಅಣ್ಣನೂ ಹೀಗೇ, ಏನನ್ನೂ ಸಿಗಗೊಡುತ್ತಿರಲಿಲ್ಲ. ಆರನೆಯ ದಿನ ಮಗನ ಎರಡೂ ಕೈ ಹಿಡಿದು ಗೋಗರೆದರು.

"ತಿಂದಿದ್ರೆ ತಿಂದಿದೀನಿ ಅಂತ ಹೇಳ್ಬಿಡು ಕಂದ. ನಾನು ಹೊಡಿಯಲ್ಲ, ಬೈಯಲ್ಲ. ನಿಮ್ಮ ಮಾವನ ಹಾಗೆ ನಿನ್ನನ್ನ ಕಳ್ಕೊಳ್ಳೋಕೆ ನನ್ನ ಕೈಲಾಗಲ್ಲ."

"ಇರೋದನ್ನೇ ಹೇಳ್ದೆ. ಅದನ್ನ ಸುಳ್ಳು ಅಂತ ಇಡೀ ಊರಿಗೆ ಕಲಿಸಿದೋಳು ನೀನೇ," ಎಂದ ತೋನ್. "ಇನ್ನೇನು ಹೇಳ್ಲಿ ಹೇಳು, ಅದನ್ನೇ ಹೇಳ್ತೀನಿ."

ಒಂಬತ್ತನೆಯ ದಿನ ಕಾಗದ ಬಂತು. ಹುಚ್ಚುಮಾತ್ರೆಯ ಅಂಶ ಇಲ್ಲ ಎಂದಿತ್ತು. ಟೀಚರ್ ಶಾಲೆಯ ಮೆಟ್ಟಿಲ ಮೇಲೆ ಕುಸಿದು ಕೂತು, ಮಗನ ತಲೆ ಎದೆಗೊತ್ತಿಕೊಂಡು ಜೋರಾಗಿ ಅತ್ತರು. ಬದುಕಿದೆ, ಬದುಕಿದೆ ಎನ್ನುತ್ತಿದ್ದರು. ಆಮೇಲೆ ಕಣ್ಣು ಒರೆಸಿಕೊಂಡು ಕಾಗದದ ಎರಡನೇ ಸಾಲು ಓದಿದರು: ನೆಗಡಿ ಮಾತ್ರೆಯ ಅಂಶ ಇದೆ, ಇದರಿಂದಲೂ ಲೋಟ ನೇರಳೆಯಾಗುವುದುಂಟು.

ಅಳು ನಿಂತಿತು. ಹೋದ ವರ್ಷ ಲೋಟ ಕೊಡುವಾಗ ಚಾಬಾಳ ಮೂಗು ಸೋರುತ್ತಿತ್ತು. ಮೊದಲು ಮೂಗು ಒರೆಸ್ಕೊಳ್ಳೇ ಎಂದು ಗದರಿದ್ದು ತಾವೇ. ಅದೀಗ ನೆನಪಾಯಿತು.

ಟೀಚರ್ ಗೇಟಿನ ಕಡೆ ನಡೆದರು. ಬುನ್ಮಾ ಎಂದಿನಂತೆ ಕೈ ಮುಗಿಯಲು ಒನಕೆ ಬದಿಗಿಟ್ಟಳು. ಅಷ್ಟರಲ್ಲಿ ಟೀಚರ್ ಅವಳ ಮುಂದೆ ಮಣ್ಣಿನಲ್ಲಿ ಮಂಡಿಯೂರಿ, ತಲೆ ಬಾಗಿಸಿ, ತಾವೇ ಕೈ ಮುಗಿದರು. ಟೀಚರ್ ಆದವರು ಹೀಗೆ ಮಾಡಿದ್ದನ್ನು ನಮ್ಮೂರಿನಲ್ಲಿ ಯಾರೂ ಕಂಡಿಲ್ಲ.

"ಏಳಿ ಟೀಚರ್, ಇದೇನು, ನಂಗೆ ಪಾಪ ಸುತ್ಕೊಳ್ಳುತ್ತೆ," ಎಂದು ಬುನ್ಮಾ ಗಾಬರಿಯಿಂದ ಹಿಂದೆ ಸರಿದಳು.

ಟೀಚರ್ ಎಲ್ಲ ಹೇಳಿದರು. ಒಂದು ಮಾತೂ ಮುಚ್ಚಿಡಲಿಲ್ಲ, ಲೋಟ ಚೆಲ್ಲಿದ್ದನ್ನೂ.

ಬುನ್ಮಾ ಒನಕೆ ಎತ್ತಿ ಒರಳಿನೊಳಗಿನ ಪಪ್ಪಾಯಿಯನ್ನು ಎರಡು ಸಲ ಕುಟ್ಟಿ, ಮತ್ತೆ ಕೆಳಗಿಟ್ಟಳು. "ಖಾಲಿ ಮಾತ್ರೆ ಹಾಳೆ ತಂದು ತೋರಿಸಿದ್ಲು ಟೀಚರ್. ನೋಡಮ್ಮ, ಇದೇ ತಿಂದಿದ್ದು ಅಂತ. ನಾನು ಕಿತ್ಕೊಂಡು ಒಲೆಗೆ ಹಾಕ್ದೆ. ಟೀಚರ್‌ಗಿಂತ ನಿಂಗೆ ಜಾಸ್ತಿ ಗೊತ್ತೇನೇ ಅಂದೆ."

"ತಪ್ಪು ನಂದು ಬುನ್ಮಾ."

"ಹೌದು, ನಿಮ್ಮದೇ," ಎಂದಳು ಬುನ್ಮಾ. "ಆದ್ರೆ ಕತ್ತರಿ ಹಿಡಿದಿದ್ದು ನನ್ನ ಕೈ."

ಆಮೇಲೆ ಕೈಯನ್ನು ಉಟ್ಟ ಬಟ್ಟೆಗೆ ಒರೆಸಿಕೊಂಡು ಮೊಬೈಲ್ ತೆಗೆದಳು. ಚಾಬಾಳ ನಂಬರ್ ಒತ್ತಿ, ಟೀಚರ ಕಿವಿಗೆ ಹಿಡಿದಳು. "ನನ್ನ ಮಾತು ಅವಳು ನಂಬಲ್ಲ. ನೀವೇ ಹೇಳಿ. ಟೀಚರ್ ಹೇಳಿದ್ರೆ ನಂಬ್ತಾಳೆ."

ಆ ನಂಬರ್ ಬಳಕೆಯಲ್ಲಿಲ್ಲ ಎಂದು ಒಂದು ಹೆಣ್ಣುದನಿ ಹೇಳಿತು, ಮತ್ತೆ ಅದನ್ನೇ ಹೇಳಿತು. ಬುನ್ಮಾ ಫೋನನ್ನು ಟೀಚರ ಕಿವಿಯಿಂದ ತೆಗೆಯಲಿಲ್ಲ. ಅವಳಿಗೆ ಅದು ಗೊತ್ತಿಲ್ಲದ್ದಲ್ಲ, ವರ್ಷದಿಂದ ದಿನಾ ಒತ್ತುತ್ತಿದ್ದ ನಂಬರ್.

"ಹೇಳಿ ಟೀಚರ್," ಎಂದಳು.

"ಚಾಬಾ," ಎಂದರು ಟೀಚರ್. "ನಾನಮ್ಮ, ಪಿಕುನ್ ಟೀಚರ್. ನೀನು ಹೇಳಿದ್ದು ನಿಜ."

ಊಟದ ಗಂಟೆ ಹೊಡೆಯಿತು. ಮಕ್ಕಳು ಓಡಿ ಬಂದು ಪಪ್ಪಾಯಿಗೆ ಸಾಲು ನಿಂತರು. ಟೀಚರ್ ಮಣ್ಣಿನಲ್ಲಿ ಕೂತು ಅದೇ ಮಾತನ್ನು ಮೊದಲಿಂದ ಹೇಳುತ್ತಿದ್ದರು, ಮಕ್ಕಳಲ್ಲಿ ಒಬ್ಬರೂ ನಗಲಿಲ್ಲ.